ಕೆಂಪವ್ವನ ಸುಡದ ಪಾದ

ನಸುಕಿನಲ್ಲಿ ಯರಗಟ್ಟಿ ಬಿಟ್ಟವರು ಮಧ್ಯಾಹ್ನವಾದರೂ ಮುನವಳ್ಳಿಯ ಆಚೆ ಕಾಲೆಳೆಯುತ್ತಿದ್ದೆವು. ಎಲ್ಲಮ್ಮನ ಗುಡ್ಡ ಇನ್ನೂ ದೂರ. ಡಾಂಬರು ಕಾದಿತ್ತು. 'ಉಧೋ ಉಧೋ' ಎಂದು ತಾಯಿಗೆ ಜೈಕಾರ ಹಾಕಲೂ ಯಾರಿಗೂ ದಮ್ಮಿರಲಿಲ್ಲ. ನಾನು ಭಾಗೀರಥಿ, ಊರಿನ ಆಶಾ ಕಾರ್ಯಕರ್ತೆ. ಇವತ್ತೊಂದು ದಿನ ಯಾರ ಬೇನೆಯನ್ನೂ ಕೇಳಬಾರದು, ಸುಮ್ಮನೆ ನಡೆಯಬೇಕು ಎಂದು ಹೊರಟವಳು. ಅದೆಲ್ಲಿ ಸಾಧ್ಯ!

ಬರಿಗಾಲಿನವರೆಲ್ಲ ರಸ್ತೆ ಪಕ್ಕದ ಹುಲ್ಲಿಗೆ ಇಳಿದರೆ, ನಮ್ಮ ನೆರೆಮನೆಯ ಕೆಂಪವ್ವ ಮಾತ್ರ ಡಾಂಬರಿನ ಮೇಲೆಯೇ ನೆಟ್ಟಗೆ ನಡೆಯುತ್ತಿದ್ದಳು. ಮಗಳ ಹೆರಿಗೆ ಸುಸೂತ್ರವಾದರೆ ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತವಳು.

"ನೋಡ್ರಿ, ನಮ್ಮಾಕಿ ಕಾಲು ಸುಡಂಗೇ ಇಲ್ಲ. ಎಲ್ಲಾ ತಾಯಿ ಕೃಪಾ!" ಅವಳ ಗಂಡ ಭರಮಪ್ಪ ದಾರಿಯುದ್ದಕ್ಕೂ ಇದನ್ನೇ ಸಾರುತ್ತಿದ್ದ. ಇಬ್ಬರು ಹೆಂಗಸರು ಅವಳಿಗೆ ಕೈ ಮುಗಿದೂಬಿಟ್ಟರು. ನನಗೋ ಬೇರೆಯದೇ ಅನುಮಾನ. ಕೆಂಪವ್ವನಿಗೆ ಎಂಟು ವರ್ಷದಿಂದ ಸಕ್ಕರೆ ಬೇನೆ.

ಬೇವಿನ ಮರದ ಕೆಳಗೆ ಕೂತಾಗ ಅವಳ ಅಂಗಾಲು ನೋಡಿದೆ. ಹೆಬ್ಬೆರಳ ಬುಡದಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಸುತ್ತ ರಕ್ತ ಹೆಪ್ಪುಗಟ್ಟಿತ್ತು.

"ಯವ್ವಾ! ಯಾವಾಗ ಚುಚ್ಚೇತ್ರಿ ಇದು?"

"ಎಂಥಾ ಮುಳ್ಳು? ನನಗೇನೂ ಆಗಿಲ್ಲ ಬಿಡ. ಸುಮ್ನ ಕುಂದ್ರ."

"ಕಣ್ಣು ಮುಚ್ಚರಿ ಕಾಕೂ. ಬೆರಳು ಮುಟ್ಟತೇನಿ, ಯಾವ ಬೆರಳು ಅಂತ ಹೇಳ್ರಿ."

ಅವಳು ಕಣ್ಣು ಮುಚ್ಚಿದಳು. ಹಗುರಕ್ಕೆ ಮುಟ್ಟಿದೆ. ಸ್ವಲ್ಪ ಹೊತ್ತು ಕಾದು, "ಮುಟ್ಟ ಮತ್ತ, ಯಾಕ ತಡಾ ಮಾಡಾಕ್ಹತ್ತಿ?" ಎಂದಳು.

ನನ್ನ ಕೈ ಅವಳ ಕಿರುಬೆರಳ ಮೇಲೆಯೇ ಇತ್ತು. ಭರಮಪ್ಪ ಅದನ್ನು ನೋಡಿದ. ಮುಖ ಇಳಿಯಿತು.

"ಕಾಕಾ, ಇದು ಕೃಪಾ ಅಲ್ಲರಿ. ಸಕ್ಕರಿ ಬ್ಯಾನಿಗೆ ಕಾಲಿನ ನರ ಸಾಯ್ತಾವ. ಗಾಯ ಆದ್ರೂ ತಿಳಿಯಂಗಿಲ್ಲ. ಕೀವು ಏರಿದ್ರ ಬೆರಳು ಕತ್ತರಸಬೇಕಾಗತೈತಿ, ಕಾಲೂ ಹೋದೀತು. ಈಗಿಂದೀಗ ದವಾಖಾನಿಗೆ ನಡೀರಿ."

"ಹರಕಿ ಮುರೀಲೇನ?" ಕೆಂಪವ್ವನಿಗೆ ಅಳುವೇ ಬಂತು. "ಕೂಸಿಗೆ ಏನಾರ ಆದ್ರ?"

ನಾನೂ ದಣಿದಿದ್ದೆ. ದನಿ ಏರಿತು. "ನಿಮ್ಮ ಮಗಳು ಇಂಥಾ ಕಾಲೀಲೆ ನಿಮ್ಮ ಮನಿಗೆ ನಡಕೋತ ಬಂದ್ರ ಏನಂತೀರಿ?"

"ಬೈತೇನಿ. ಗಾಡಿ ಹತ್ತಿ ಬರಾಕ ಏನ್ ಧಾಡಿ ಆಗಿತ್ತು ಅಂತೇನಿ."

"ಎಲ್ಲವ್ವನೂ ತಾಯಿ ಹೌದಿಲ್ರಿ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ಕಡೆ ಕೈ ಚಾಚಿದಳು. "ಎಬ್ಬಸ್ರಿ."

ಮುಳ್ಳು ಕೀಳಲು ಹೋಗದೆ, ಗಾಯ ತೊಳೆದು ಸ್ವಚ್ಛ ಬಟ್ಟೆ ಕಟ್ಟಿದೆ. ಟೆಂಪೊ ಹತ್ತಿ ಸವದತ್ತಿಯ ದವಾಖಾನೆಗೆ ಹೋದೆವು. ಮುಳ್ಳು ತೆಗೆದಾಗ ಅದು ಎಲುಬಿನ ಹತ್ತಿರ ಇಳಿದಿತ್ತೆಂದು ಗೊತ್ತಾಯಿತು. "ಇನ್ನ ನಾಕು ದಿನ ಬಿಟ್ಟಿದ್ರ ಬೆರಳು ಉಳೀತಿರಲಿಲ್ಲ" ಎಂದರು ಡಾಕ್ಟರು. ಭರಮಪ್ಪ ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. "ಊರ ಮಂದಿಗೆಲ್ಲಾ ಹೇಳಕೋತ ಬಂದ್ನಿ. ನಾ ಒಮ್ಮೆನೂ ಬಗ್ಗಿ ನೋಡ್ಲಿಲ್ಲಲ್ಲವಾ" ಎಂದ.

ಅಕ್ಕಂದಿರೇ, ಅಣ್ಣಂದಿರೇ, ಗುಡ್ಡಕ್ಕೆ ನಡೆಯಿರಿ, ಹರಕೆ ತೀರಿಸಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಸಕ್ಕರೆ ಬೇನೆ ಇದ್ದರೆ ಬರಿಗಾಲು ಬೇಡ. ಬೆರಳು ಮುಚ್ಚುವ ಮೆತ್ತನೆಯ ಪಾದರಕ್ಷೆ ಇರಲಿ. ಉಪವಾಸ ಎಂದು ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ. ಕಾಲು ಜೋಮು ಹಿಡಿದರೂ, ಸಣ್ಣ ಗಾಯವಾದರೂ ದವಾಖಾನೆಯಲ್ಲಿ ತೋರಿಸಿ. ದಿನಾ ಸಂಜೆ ಅಂಗಾಲು ನೋಡಿಕೊಳ್ಳಿ. ಬೇನೆ ಇದ್ದವರಿಗೆ ಬಗ್ಗಲು ಆಗದಿದ್ದರೆ ಮನೆಯವರು ನೀವು ನೋಡಿ. ಇವತ್ತೇ ನೋಡಿ. ನೋವಿಲ್ಲ ಅಂದರೂ ನೋಡಿ.