ರೋಹಿಣಿಗೆ ಇನ್ನೂ ಐದು ವಾರ

ಬೇವಿನ ಮರಕ್ಕೂ ಈಗ ಬುದ್ಧಿ ಇಲ್ಲ. ಯುಗಾದಿಗೆ ಬಿಡಬೇಕಾದ ಹೂವನ್ನು ಸಂಕ್ರಾಂತಿಗೇ ಬಿಟ್ಟು, ಹಬ್ಬ ಬರುವಷ್ಟರಲ್ಲಿ ಉದುರಿಸಿ ನಿಂತಿರುತ್ತದೆ. ಚಳಿಗಾಲದಲ್ಲಿ ಸೆಕೆ, ಬೇಸಿಗೆಯಲ್ಲಿ ಮಂಜು. ನಾನು ಇದನ್ನೆಲ್ಲ ಹೇಳಿದರೆ ನನ್ನ ಗಂಡ ಜಮಾಲಸಾಬರು ನಗುತ್ತಿದ್ದರು. "ಗಿಡ ತಪ್ಪಬಹುದು ಕುಬ್ರಾ, ಮಳಿ ತನ್ನ ನಕ್ಷತ್ರ ತಪ್ಪಂಗಿಲ್ಲ" ಎನ್ನುತ್ತಿದ್ದರು. ಎಲ್ಲ ತಿಳಿದವರು!

ಸುರಪುರದ ನಮ್ಮ ಓಣಿಯಲ್ಲಿ ಇನ್ನೂ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳೇ ಹೆಚ್ಚು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಿ ತುಳಿಯಬೇಕು. ಬೇಗ ಹಾಕಿದರೆ ಬಿಸಿಲಿಗೆ ಬಿರಿಯುತ್ತದೆ, ತಡವಾದರೆ ನೀರು ಇಳಿಯುತ್ತದೆ. ಯಾವ ವಾರ ಹಾಕಬೇಕೆಂದು ಓಣಿಯವರೆಲ್ಲ ನಮ್ಮವರನ್ನೇ ಕೇಳುತ್ತಿದ್ದರು. ಮೂವತ್ತು ವರ್ಷ ಅವರೂ ಅವರ ಗೆಳೆಯ ಈಶಪ್ಪನೂ ಜೋಡಿಯಾಗಿ ಊರ ಮಾಳಿಗೆ ತುಳಿದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಬೈದಾಡುತ್ತ ತುಳಿಯುತ್ತಿದ್ದರು.

ಹೋದ ವರ್ಷ ಬಾಬಾಸಾಹೇಬರ ಜಯಂತಿ ಮುಗಿದ ಮಾರನೆಯ ದಿನ ಈಶಪ್ಪ ನಮ್ಮ ಕಟ್ಟೆಗೆ ಬಂದು ಕೂತ.

"ಜಮಾಲ, ಗಾಳಿ ಯಾಕೋ ಸರಿ ಇಲ್ಲೋ. ನಮ್ಮ ಮ್ಯಾಳಿಗಿ ಪೂರಾ ಬಿರಿದದ. ಈ ವಾರನ ಮಣ್ಣು ಹಾಕಿಬಿಡೋಣು."

"ಹುಚ್ಚ ಆಗೀಯೇನಲೇ? ರೋಹಿಣಿ ಮಳಿಗಿ ಇನ್ನೂ ಐದು ವಾರ ಅದ. ಈಗ ಹಾಕಿದ್ರ ಹಪ್ಪಳ ಆಗ್ತದ. ಅಡ್ಡಮಳಿ ನಾಕು ಹನಿ ಬಂದು ಹೋಗ್ತದ, ಸುಮ್ಕಿರು."

ಈಶಪ್ಪ ಚಹಾ ಕುಡಿದು ಹೋದ.

ಅದಾಗಿ ನಾಲ್ಕನೆಯ ದಿನ ಮುಂಜಾನೆ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಇರುವೆಗಳು ತತ್ತಿ ಕಚ್ಚಿಕೊಂಡು ಸಾಲಾಗಿ ಏರುತ್ತಿದ್ದವು. ದೊಡ್ಡ ಮಳೆ ಬರುವಾಗಲೇ ಹಾಗೆ ಏರುತ್ತವೆಂದು ನನಗೆ ಗೊತ್ತಿರಲಿಲ್ಲವೇ? ಆದರೆ ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ತಂಗಿಯ ಗಂಡನ ಎದುರಿಗೇ ಇವರು ನನ್ನನ್ನು ಬೈದಿದ್ದರು. ನಾನು ಮಾತು ಬಿಟ್ಟಿದ್ದೆ. ಹೇಳಲಿಲ್ಲ. ಕಸಬರಿಗೆ ತಗೊಂಡು ಗುಡಿಸಿ ಹಾಕಿದೆ.

ಆ ಸಂಜೆ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ಏಪ್ರಿಲ್ ತಿಂಗಳಲ್ಲಿ, ಯಾ ಅಲ್ಲಾ, ಆಷಾಢದ ಹಾಗೆ! ಮೂರನೆಯ ದಿನ ಮಧ್ಯಾಹ್ನ ಈಶಪ್ಪನ ಮಾಳಿಗೆ ನೀರು ಕುಡಿದು ಕುಡಿದು ಭಾರವಾಗಿ ಕುಸಿಯಿತು. ಹೆಂಡತಿ ದೇವಕಮ್ಮ ಮಗಳು ಯಶೋಧರಾಳನ್ನು ಕರಕೊಂಡು ಪಕ್ಕದ ಮನೆಗೆ ಹೋಗಿದ್ದಳು. ಸೋರುವಲ್ಲಿ ಕೊಡ ಇಡುತ್ತಿದ್ದ ಈಶಪ್ಪ ಉಳಿಯಲಿಲ್ಲ. ಮಣ್ಣು ತೋಡಿ ಅವನನ್ನು ಹೊರಗೆ ತೆಗೆದದ್ದು ನಮ್ಮವರೇ, ಬರಿಗೈಯಲ್ಲಿ.

ಯಾರೂ ಅವರಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು. ಅಂದಿನಿಂದ ಅವರು ಮಾಳಿಗೆ ಹತ್ತಿಲ್ಲ, ಕಣ್ಣಲ್ಲಿ ಒಂದು ಹನಿಯನ್ನೂ ಹಾಕಿಲ್ಲ. "ಜಮಾಲಣ್ಣ, ಮಣ್ಣು ಯಾವಾಗ ಹಾಕೋಣು?" ಎಂದು ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗುತ್ತಾರೆ. ಆದರೆ ತಪ್ಪು ನನ್ನದು. ನಾನು ಬಾಯಿ ಬಿಟ್ಟಿದ್ದರೆ ಅವತ್ತೇ ಇವರು ಓಡಿಹೋಗಿ ಈಶಪ್ಪನನ್ನು ಮನೆಯಿಂದ ಎಬ್ಬಿಸುತ್ತಿದ್ದರು. ಉಪ್ಪಿನ ಸಲುವಾಗಿ ಒಂದು ಜೀವ ಹೋಯಿತಲ್ಲ!

ಈ ಏಪ್ರಿಲ್ ಬಂದಾಗ ತಡೆಯಲಾಗಲಿಲ್ಲ. ಮೊದಲು ದೇವಕಮ್ಮನಿಗೆ ಹೇಳಬೇಕು, ಅವಳು ಚಪ್ಪಲಿಯಲ್ಲಿ ಹೊಡೆದರೂ ಸರಿ. ಆಮೇಲೆ ಮನೆಗೆ ಬಂದು ಇವರ ಭಾರ ಇಳಿಸಬೇಕು ಎಂದುಕೊಂಡು, ದೇವಕಮ್ಮನಲ್ಲಿಗೆ ಹೋಗಿ ಬರುತ್ತೇನೆಂದು ಇವರಿಗೆ ಹೇಳಿ ಹೋದೆ. ತಗಡಿನ ಖೋಲಿಯ ಮುಂದೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ನಮ್ಮನ್ಯಾಗೂ ಇರುವಿ ಏರಿದ್ದುವಕ್ಕ. ನಾನ ಅವರಿಗಿ ತೋರ್ಸಿದ್ನಿ. ಮ್ಯಾಳಿಗಿ ಮ್ಯಾಲ ತಾಡಪತ್ರಿ ಆದ್ರೂ ಹೊದಸ್ರಿ ಅಂತ ಕಾಲು ಹಿಡದ್ನಿ."

"ಏನಂದ?"

"ನಕ್ಕರು. ಮಳಿ ಬರಂಗಿಲ್ಲ ಅಂತ ಜಮಾಲ ಅಂದ ಮ್ಯಾಲ ಬರಂಗಿಲ್ಲ, ಇರುವಿಗಿ ಏನ್ ತಿಳಿತದ ಅಂದ್ರು. ಮಳಿ ಹಿಡದ ಮ್ಯಾಲೂ ಹೊರಗ ಬರ್ಲಿಲ್ಲ. ಅಡ್ಡಮಳಿ, ಇವತ್ತು ನಿಲ್ತದ, ಜಮಾಲ ಹೇಳ್ಯಾನ ಅಂದ್ರು." ತನ್ನ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದಳು. "ನೀ ಹೇಳಿದ್ರೂ ಅಷ್ಟ ಆಗ್ತಿತ್ತು. ಸುಮ್ಮ ಯಾಕ ಅಳಾಕತ್ತಿ?"

ಈಶಪ್ಪ ಕೊನೆಯವರೆಗೂ ಇವರ ಮಾತನ್ನೇ ನಂಬಿ ಕೂತಿದ್ದನೆಂದು ಇವರಿಗೆ ಹೇಗೆ ಹೇಳಲಿ ಎಂದುಕೊಳ್ಳುತ್ತ ಮನೆಗೆ ಬಂದೆ. ಇವರು ಕಟ್ಟೆಯ ಮೇಲೆ ಕಾಯುತ್ತಿದ್ದರು.

"ದೇವಕಮ್ಮ ಏನಂದ್ಲು?"

"ನಿಮ್ಮ ಮ್ಯಾಲ ಸಿಟ್ಟಿಲ್ಲಂತ್ರಿ."

ಅವರ ಮುಖ ಇನ್ನಷ್ಟು ಇಳಿಯಿತು. ತಲೆ ಎತ್ತಿ ಕೇಳಿದರು, "ಈಶ್ಯಾ? ಆ ಮೂರು ದಿನದಾಗ ಅವ ನನಗ ಬೈದ್ನಂತೇನು?"

ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎನ್ನಲಿ ಎಂದು ಕಾಯುತ್ತಿದ್ದರು.

"ಬೈದ್ನಂತ್ರಿ," ಎಂದೆ. "ಭಾಳ ಬೈದ್ನಂತ. ಅವನ ಮಾತು ಕೇಳಿ ಹಾಳಾದ್ನಿ ಅಂದ್ನಂತ."

ಅವರು ತಲೆಯಾಡಿಸಿದರು. ಆಮೇಲೆ ಗೋಡೆಗೆ ಹಣೆ ಹಚ್ಚಿಕೊಂಡು ಸಣ್ಣ ಮಗುವಿನ ಹಾಗೆ ಅತ್ತರು.