ಕೊಸರು ಹಾಕುವ ಕೈ

ಅಳ್ನಾವರ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಹಿಂದಿರುಗುವ ರೈಲು ಎಷ್ಟಕ್ಕಿದೆ ಎಂದು ವಿಚಾರಿಸಿದ್ದು.

"ಆಡೂಕಿಂತ ಮೊದಲ ಹೊಳ್ಳಿ ಹೋಗೂ ವಿಚಾರ ಏನಬೇ ನಿಂದು?" ಎಂದಳು ಅಜೀಜಾಬಿ. ಗುಡಗೇರಿ ಸಂತೆಯಲ್ಲಿ ನಾನು ಶೇಂಗಾ ಮಾರುತ್ತೇನೆ, ಅವಳು ನನ್ನ ಬಾಜು ಕೂತು ಬಾಳೆಹಣ್ಣು ಮಾರುತ್ತಾಳೆ. ನನಗೆ ಒಬ್ಬಳೇ ಹೋಗುವ ಧೈರ್ಯವಿಲ್ಲವೆಂದು ಗೊತ್ತಿದ್ದೇ ಜೊತೆಗೆ ಬಂದಿದ್ದಳು.

"ಲಗೂನ ಸೋತ್ರ ಲಗೂನ ಹೋಗಬಹುದಲ್ಲ, ಅದಕ್ಕ ಕೇಳಿದೆ."

ನಾವು ಹೊರಟಿದ್ದು ಪೋಕರ್ ಪಂದ್ಯಕ್ಕೆ. ಗೋವಾದಲ್ಲಿ ಬಹಳ ವರ್ಷ ಇಸ್ಪೀಟು ಹಂಚುವ ನೌಕರಿ ಮಾಡಿ ಊರಿಗೆ ಮರಳಿದ ಭೀಮಶಿ ಅದನ್ನು ಹೊಸಬರಿಗೆಂದೇ ಇಟ್ಟಿದ್ದರು. ಹಣದ ಮಾತೇ ಇಲ್ಲ. ಎಲ್ಲರಿಗೂ ಅಷ್ಟಷ್ಟೇ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ, ಬಿಲ್ಲೆ ಮುಗಿದವರು ಎದ್ದು ಹೋಗಬೇಕು. ಕೊನೆಗೆ ಉಳಿದ ನಾಲ್ವರು ಬೆಳಗಾವಿಯ ಪಂದ್ಯಕ್ಕೆ ಅಳ್ನಾವರದ ತಂಡವಾಗಿ ಹೋಗುತ್ತಾರೆ.

ಆ ತಂಡದಲ್ಲಿ ನನ್ನ ಹೆಸರು ಬರಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಅಜೀಜಾಬಿಗೂ ಹೇಳಿರಲಿಲ್ಲ. ನಾನು ಹತ್ತನೆಯ ಇಯತ್ತೆ ಓದಿದ್ದು ರಾತ್ರಿ ಶಾಲೆಯಲ್ಲಿ. ರಾತ್ರಿ ಶಾಲೆಯಲ್ಲಿ ಆಟದ ಪೀರಿಯಡ್ ಇರುವುದಿಲ್ಲ. ಯಾವ ಆಟಕ್ಕೂ ಯಾರೂ ನನ್ನನ್ನು ಆರಿಸಿಕೊಂಡವರಲ್ಲ.

ಕಲಿತದ್ದೆಲ್ಲ ಫೋನಿನಲ್ಲಿ, ಬಿಟ್ಟಿ ಬಿಲ್ಲೆಗಳ ಆಟದಲ್ಲಿ. ನಿಮಗೆ ಎರಡು ಎಲೆ ಕೊಡುತ್ತಾರೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದಾಗಿ ತೆರೆಯುತ್ತವೆ. ನೀವು ಬಿಲ್ಲೆ ಇಟ್ಟರೆ ಉಳಿದವರು ಅಷ್ಟೇ ಇಡಬೇಕು, ಇಲ್ಲವೇ ಎಲೆ ಒಗೆಯಬೇಕು. ಎಲ್ಲರೂ ಒಗೆದರೆ ನೀವು ಎಲೆ ತೋರಿಸದೆಯೇ ಗೆದ್ದಂತೆ. ಆದರೆ ಫೋನಿನಲ್ಲಿ ಬೆರಳು ಒತ್ತಿದರೆ ಸಾಕು. ನಿಜವಾದ ಬಿಲ್ಲೆಯನ್ನು ನಾನು ಅಂದಿನವರೆಗೆ ಮುಟ್ಟಿರಲಿಲ್ಲ.

ಹೊಸಬರಿಂದ ಹಾಲ್ ತುಂಬಿತ್ತು, ಮೂರು ಟೇಬಲ್ ಹಾಕಿದ್ದರು. ನನ್ನೆದುರು ಕೂತವರು ಅಣ್ಣಿಗೇರಿಯ ಕಾಳಿನ ವ್ಯಾಪಾರಿ ಕುಬೇರಪ್ಪ. ಒಂದಷ್ಟು ಆಟ ನಾನು ಹೆದರಿ ಎಲೆ ಒಗೆಯುತ್ತಲೇ ಇದ್ದೆ. ಆಮೇಲೆ ಒಂಬತ್ತರ ಜೋಡಿ ಬಂತು. ಮೂರು ಬಿಲ್ಲೆ ಮುಂದಿಟ್ಟೆ. ಕುಬೇರಪ್ಪನವರ ಮುಖ ನೋಡಿದೆ. ನೋಡಿ, ಇನ್ನೆರಡು ಮೇಲೆ ಹಾಕಿದೆ.

ಭೀಮಶಿ ಆ ಎರಡನ್ನೂ ನನ್ನ ಕಡೆ ಸರಿಸಿದರು. "ಇದು ನಡಿಯೂದಿಲ್ರಿ ಅಕ್ಕಾರ. ಕೈ ಒಂದ ಸಲ ಮುಂದ ಬರಬೇಕು. ಎದುರಿನಾವ್ರ ಮಾರಿ ನೋಡಿ ಹೆಚ್ಚು ಮಾಡಿದ್ರ ಮೋಸ ಆಕ್ಕೈತಿ."

ಮೋಸ ಎಂಬ ಮಾತಿಗೆ ನನ್ನ ಕಿವಿ ಬಿಸಿಯಾದವು. "ನಾ ಬೇಕಂತ ಮಾಡಿಲ್ರಿ."

"ಕೊಸರು ಹಾಕ್ಯಾಳ್ರಿ ಆಕಿ," ಎಂದರು ಕುಬೇರಪ್ಪ. "ಸಂತಿ ಕೈ. ಅಳದಮ್ಯಾಲೆ ಒಂದ ಹಿಡಿ ಹಾಕದಿದ್ರ ಸಮಾಧಾನ ಇಲ್ಲ. ಶೇಂಗಾ ಏನವ್ವಾ ಮಾರೂದು?"

ಟೇಬಲ್ಲಿನ ತುಂಬ ನಗು. ಐದಾಗಿದ್ದರೆ ಎಲೆ ಒಗೆಯುತ್ತಿದ್ದೆನೆಂದು ಕುಬೇರಪ್ಪನವರೇ ಆಮೇಲೆ ಹೇಳಿದರು, ಮೂರೇ ಆದ್ದರಿಂದ ಅಷ್ಟೇ ಇಟ್ಟು ಕೂತರು. ಕೊನೆಯ ಎಲೆಯಲ್ಲಿ ಅವರಿಗೆ ರಾಜ ಸಿಕ್ಕಿ ಜೋಡಿಯಾಯಿತು. ನನ್ನ ಒಂಬತ್ತುಗಳು ಸೋತವು.

ಚಹಾದ ಬಿಡುವಿನಲ್ಲಿ ಅಜೀಜಾಬಿ ಬಾಳೆಹಣ್ಣು ಸುಲಿದು ಕೊಟ್ಟಳು. "ಹೋಗೂಣು ಅಂತೀಯೇನು?"

"ನಂಗ ಇದು ಬರೂದಿಲ್ಲ ಅನಸ್ತೈತಿ. ಕೈ ತಾನ ಹೋತು."

"ತಾನ ಎಲ್ಲಿ ಹೋತು? ಗಿರಾಕಿ ಎದ್ದು ಹೋದಾನು ಅನ್ನೂ ಅಂಜಿಕಿಗೆ ಹಾಕತಿ ನೀ. ಬಾಜು ಕೂತು ನೋಡಾಕತ್ತಿಲ್ಲೇನು ನಾ? ಮಾರಿ ನೋಡತಿ, ಹಾಕತಿ. ಮತ್ತ ನೋಡತಿ, ಮತ್ತ ಹಾಕತಿ."

ನಾನು ಅದನ್ನು ಔದಾರ್ಯವೆಂದುಕೊಂಡಿದ್ದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಮರಳಿ ಹೋಗಿ ಕೂತಾಗ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ: ಎಷ್ಟು ಇಡಬೇಕೆಂದು ಮೊದಲು ತೀರ್ಮಾನಿಸುವುದು, ಆಮೇಲೆ ಕೈ ಎತ್ತುವುದು. ಅಲ್ಲಿಯವರೆಗೆ ಎರಡೂ ಕೈ ತೊಡೆಯ ಕೆಳಗೆ.

ಹಾಗೆ ಮಾಡಿ ಒಂದೆರಡು ಆಟ ಗೆದ್ದೆ. ಒಬ್ಬೊಬ್ಬರಾಗಿ ಜನ ಎದ್ದು ಹೋದರು, ಟೇಬಲ್ ಮೂರು ಹೋಗಿ ಒಂದಾಯಿತು. ಸಂಜೆ ಹೊತ್ತಿಗೆ ನಾವು ಐವರು ಉಳಿದಿದ್ದೆವು. ಇನ್ನೊಬ್ಬರು ಹೋದರೆ ತಂಡ ಸಿದ್ಧ, ಮತ್ತು ಎಲ್ಲರಿಗಿಂತ ಕಡಿಮೆ ಬಿಲ್ಲೆ ನನ್ನವು. ಸುಮ್ಮನೆ ಕಾಯುವಂತೆಯೂ ಇರಲಿಲ್ಲ. ಪ್ರತಿಯೊಬ್ಬರೂ ಸರದಿ ಬಂದಾಗ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಕೆಲವು ಬಿಲ್ಲೆ ಇಡಬೇಕು, ಆ ಲೆಕ್ಕ ಏರುತ್ತಲೇ ಇತ್ತು. ಮುಂದಿನ ಆಟದಲ್ಲಿ ಆ ಸರದಿ ನನ್ನದು. ಅದಕ್ಕೇ ನನ್ನ ಅರ್ಧ ರಾಶಿ ಹೋಗುತ್ತಿತ್ತು.

ಎಲೆ ಎತ್ತಿ ನೋಡಿದೆ. ಒಂದು ಎಕ್ಕಾ, ಒಂದು ಒಂಬತ್ತು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಈ ಆಟದಲ್ಲಿ ಎಲ್ಲರಿಗಿಂತ ಮೊದಲು ಆಡಬೇಕಾದವಳು ನಾನೇ. ಅರ್ಧ ಇಟ್ಟು ನೋಡೋಣವೇ ಎಂದಿತು ಮನಸ್ಸು. ಅರ್ಧ ಇಟ್ಟರೆ ನಾನು ಮತ್ತೆ ಮುಖ ನೋಡುತ್ತೇನೆಂದು ನನಗೆ ಗೊತ್ತಿತ್ತು.

ತೊಡೆಯ ಕೆಳಗಿನಿಂದ ಎರಡೂ ಕೈ ತೆಗೆದೆ. ಇದ್ದಬದ್ದ ಬಿಲ್ಲೆಗಳನ್ನೆಲ್ಲ ಒಂದೇ ಸಲ ಮುಂದೆ ದೂಡಿದೆ. ಕೈಗಳನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡೆ.

ಪಕ್ಕದ ಮೂವರೂ ಒಬ್ಬೊಬ್ಬರಾಗಿ ಎಲೆ ಒಗೆದರು. ಉಳಿದವರು ಕುಬೇರಪ್ಪ ಒಬ್ಬರೇ. ಅವರು ತಮ್ಮ ಎಲೆಗಳನ್ನು ನೋಡಿದರು, ಭೀಮಶಿಯನ್ನು ನೋಡಿದರು, ನನ್ನನ್ನು ನೋಡಿದರು. "ಕೊಸರು ಎಲ್ಲೈತವ್ವಾ?"

"ಮುಗೀತ್ರಿ. ಇಷ್ಟ."

"ಅಗದಿ ಗಟ್ಟಿ ಕುಂತಾಳ್ರಿ," ಎಂದು ಅವರು ಯಾರಿಗೋ ಎಂಬಂತೆ ಹೇಳಿದರು. ಗಡ್ಡ ಕೆರೆದುಕೊಂಡರು. ನಾನು ನಡುವಿನ ಹಸಿರು ಬಟ್ಟೆಯನ್ನೇ ನೋಡುತ್ತ ಕೂತೆ. "ಅಳದು ಅಳದು ಹಾಕೂ ಕೈ ಹಿಂಗ ಸುರುವಿದ್ರ ಏನರ ಇರಬೇಕು," ಎಂದು ಅವರು ಎಲೆ ಒಗೆದರು.

ಭೀಮಶಿ ನಡುವಿನ ಬಿಲ್ಲೆಗಳನ್ನು ನನ್ನೆಡೆಗೆ ದೂಡಿದರು. ಅವುಗಳ ಮೇಲೆ ಇನ್ನೂ ಮೂರು ಸುತ್ತು ಬದುಕಿದೆ. ನಾಲ್ಕನೆಯದರಲ್ಲಿ ಕಲಘಟಗಿಯ ಒಬ್ಬರು ತಮ್ಮದೆಲ್ಲವನ್ನೂ ಇಟ್ಟು ಕುಬೇರಪ್ಪನವರಿಗೆ ಸೋತರು. ಎದ್ದು ನಿಂತು ನಮ್ಮೆಲ್ಲರ ಕೈ ಕುಲುಕಿದರು. ಆಗಲೂ ನನಗೆ ತಿಳಿಯಲಿಲ್ಲ. ಹಿಂದಿನ ಬೆಂಚಿನಿಂದ ಅಜೀಜಾಬಿ, "ನಾಕ ಮಂದಿ ಉಳದೀರಿ, ಎಣಸಬೇ," ಎಂದಾಗ ಎಣಿಸಿದೆ. ನಾಲ್ಕನೆಯವಳು ನಾನೇ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕುಬೇರಪ್ಪ ಹತ್ತಿರ ಬಂದರು. "ಈಗ ಒಂದ ತಂಡದಾವ್ರು ನಾವು. ಹೇಳು, ಏನಿತ್ತು ಕೈಯಾಗ?"

ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದವಳಲ್ಲ ನಾನು. "ಬೆಳಗಾವಿಯೊಳಗ ಹೇಳ್ತೀನ್ರಿ," ಎಂದೆ. ಅವರು ಜೋರಾಗಿ ನಕ್ಕರು.

ಪ್ಲಾಟ್‌ಫಾರ್ಮಿನಲ್ಲಿ ಅಜೀಜಾಬಿ ಚುರಮರಿ ಕೊಂಡಳು. ಮಾರುವವನು ಪೊಟ್ಟಣ ಕಟ್ಟುವ ಮೊದಲು ಅವಳ ಮುಖ ನೋಡಿ, ಇನ್ನೊಂದು ಹಿಡಿ ಹಾಕಿದ. ನಾನು ಕೌಂಟರಿಗೆ ಹೋಗಿ ಬೆಳಗಾವಿಗೆ ಬೆಳಿಗ್ಗೆ ರೈಲು ಎಷ್ಟಕ್ಕಿದೆ ಎಂದು ವಿಚಾರಿಸಿದೆ. ಹಿಂದಿರುಗುವುದನ್ನೂ ಕೇಳಿಕೊಂಡೆ, ಕೊನೆಯದನ್ನು.