ಹೆಸರು ತೆಗೆದ ಹಾಳೆ

"ಎಂಟನೇ ಕ್ಲಾಸು ದಾಟದ ದಂಡಪಿಂಡ ನೀನು! ನಿನಗೆ ಅನ್ನ ಹಾಕಿದ್ದಕ್ಕೆ ನಿನ್ನ ತಂಗಿ ನನ್ನ ಮೇಲೇ ಬರೀತಾಳೇನೋ, ನಾಯಿ?"

ಶಿಡ್ಲಘಟ್ಟದ ಆ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಆರು ಹೆಂಗಸರೂ ತಲೆ ಎತ್ತಲಿಲ್ಲ. ಯಜಮಾನ ರಾಮಾಂಜಿನಪ್ಪ ಒಂದು ಹಾಳೆಯನ್ನು ಕೆಲಸದಾಳು ಅಂಬರೀಶನ ಮೂಗಿನ ಮುಂದೆ ಅಲ್ಲಾಡಿಸಿದ. ಅವನ ಮಗ ರಮೇಶ್‌ಬಾಬು ಬಾಗಿಲಿಗೆ ಒರಗಿ ನಿಂತಿದ್ದ.

ಅಂಬರೀಶ ನೋಡಿದೊಡನೆ ಗುರುತಿಸಿದ. ಹಾಳೆ ತಂಗಿ ಲಾವಣ್ಯಳದು. ಅವಳು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಕ್ರೈಸ್ತ ನೀತಿಶಾಸ್ತ್ರ, ಪ್ರಾಯೋಗಿಕ ದೇವಶಾಸ್ತ್ರ ಓದುತ್ತಿದ್ದಳು. ನೊಂದವರ ಬಳಿ ಕೂತು ಉಪದೇಶ ಮಾಡದೆ ಕೇಳಿಸಿಕೊಳ್ಳಬೇಕು. ಮನೆಗೆ ಬಂದು ಆಡಿದ ಮಾತನ್ನೆಲ್ಲ ನೆನಪಿನಿಂದ ಬರೆದು, ಹೆಸರು ತೆಗೆದು ಮೇಷ್ಟ್ರಿಗೆ ಒಪ್ಪಿಸಬೇಕು. ಅದೇ ಅವಳ ಪಾಠ.

ಹೋದ ತಿಂಗಳು ಇದೇ ಶೆಡ್ಡಿನ ಬಾಯ್ಲರ್ ಸಿಡಿದು, ಅದನ್ನು ನೋಡಿಕೊಳ್ಳುತ್ತಿದ್ದ ನಲ್ಲಪ್ಪ ಸತ್ತಿದ್ದ. ತಪ್ಪು ಅವನದೇ ಎಂದು ಯಜಮಾನ ಪೊಲೀಸರಲ್ಲಿ ಬರೆಸಿದ್ದ. ಇಲ್ಲೇ ನೂಲು ಬಿಚ್ಚುವ ಕೊಂಡಮ್ಮ ಲಾವಣ್ಯಳಿಗೆ ಹೇಳಿದ್ದೇ ಬೇರೆ: ಹಬೆ ಬಿಡುವ ವಾಲ್ವಿಗೆ ತಂತಿ ಬಿಗಿದವನು ರಮೇಶ್‌ಬಾಬು. ಕಣ್ಣಾರೆ ಕಂಡೂ ಬಾಯಿ ಬಿಡಲಿಲ್ಲ ಎಂದು ಅತ್ತಿದ್ದಳು. ಪ್ರಿಂಟ್ ತೆಗೆಸುವಾಗ ಕೆಟ್ಟ ಪ್ರತಿಯೊಂದು ಜೆರಾಕ್ಸ್ ಅಂಗಡಿಯಲ್ಲೇ ಉಳಿದು, ಅಂಗಡಿಯವನಿಂದ ಯಜಮಾನನ ಕೈ ಸೇರಿತ್ತು.

ಹಾಳೆಯಲ್ಲಿ ಕೊಂಡಮ್ಮನ ಹೆಸರೇನೋ ಇರಲಿಲ್ಲ. ಆದರೆ ಕೊನೆಯಲ್ಲಿ 'ಎಡಗೈಯಲ್ಲಿ ಎಳೆ ಹಿಡಿಯುವ ಈಕೆ' ಎಂದಿತ್ತು. ಇಡೀ ಶೆಡ್ಡಿಗೆ ಎಡಗೈಯವಳು ಕೊಂಡಮ್ಮ ಒಬ್ಬಳೇ. ಅಷ್ಟರಿಂದಲೇ ಗುರುತು ಸಿಗುತ್ತದೆಂದು ತಂಗಿಗೆ ಹೇಗೆ ಗೊತ್ತಾಗಬೇಕು? ಅವಳು ಓದಿ ಹೇಳಿದಾಗ ಅವನಿಗಾದರೂ ಹೊಳೆಯಬೇಕಿತ್ತು.

ರಾಮಾಂಜಿನಪ್ಪ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ, ನಡುವೆ ನಿಲ್ಲಿಸಿದ. "ಯಾವಳು ಇವಳು? ಅಕ್ಕಯಮ್ಮ, ನೀನೇನಮ್ಮ?"

"ದೇವ್ರಾಣೆ ನಾನಲ್ಲಣ್ಣ!"

"ಪೂರ್ತಿ ಓದಪ್ಪ, ತಾನೇ ಗೊತ್ತಾಗುತ್ತೆ," ಎಂದ ರಮೇಶ್‌ಬಾಬು.

ಬೆರಳು ಕೆಳಗಿಳಿಯಿತು. ಇನ್ನು ಮೂರು ಸಾಲು. ಮೂಲೆಯಲ್ಲಿ ಕೊಂಡಮ್ಮನ ಎಡಗೈ ಎಳೆ ಹಿಡಿದು ನಿಂತೇಬಿಟ್ಟಿತ್ತು. ಎರಡು ಸಾಲು.

ಅಂಬರೀಶ ಹಾಳೆ ಕಿತ್ತುಕೊಂಡು ರೇಷ್ಮೆಗೂಡು ಬೇಯುತ್ತಿದ್ದ ಕುದಿನೀರಿನ ತೊಟ್ಟಿಗೆ ಮುಷ್ಟಿ ಸಮೇತ ಅದ್ದಿ ಹಿಸುಕಿದ. ಚರ್ಮ ಸುಟ್ಟುಹೋಯಿತು. ಅಕ್ಷರಗಳು ಚೂರಾಗಿ ಹಾಳೆ ಮುದ್ದೆಯಾಗುವವರೆಗೆ ಕೈ ತೆಗೆಯಲಿಲ್ಲ.

"ಲೋ! ಯಾವಳು ಅಂತ ಹೇಳೋ! ಹೇಳಿದ್ರೆ ಕೆಲ್ಸ ಉಳಿಯುತ್ತೆ. ಇಲ್ದಿದ್ರೆ ನಿನ್ನ ತಂಗಿ ಯಾವ ಬಸ್ಸಿಗೆ ಬರ್ತಾಳೆ ಅಂತ ನಂಗೊತ್ತು ಕಣೋ!" ಎಂದು ರಾಮಾಂಜಿನಪ್ಪ ಅರಚಿದ.

ನಾಲಿಗೆ ತುದಿಯಲ್ಲಿ ಬೈಗುಳ ಸಾಲುಗಟ್ಟಿದ್ದವು. ಒಂದಾಡಿದರೆ ಇನ್ನೊಂದು, ಆಮೇಲೆ ನಲ್ಲಪ್ಪನ ಹೆಸರು, ಆಮೇಲೆ ಕಣ್ಣು ತಾನಾಗಿ ಕೊಂಡಮ್ಮನ ಮೂಲೆಗೆ ಹೊರಳುತ್ತಿತ್ತು. ಹಲ್ಲು ಕಚ್ಚಿ, ಬಾಗಿಲನ್ನಷ್ಟೇ ನೋಡುತ್ತ, ರಮೇಶ್‌ಬಾಬುವಿನ ಭುಜ ಸವರಿಕೊಂಡು ಅವನು ಹೊರಗೆ ನಡೆದ.